ಹೊಲಿಗೆಯ ಕೂಲಿ

ರೋಹಿಣಿಯ ನಮ್ಮ ಮನೆಯಲ್ಲಿ ಈ ಚಳಿಗಾಲ ಡೆನಿಮ್ ಫ್ರಾಕೊಂದನ್ನು ನಾವೇ ಹೊಲಿದೆವು. ಬಟ್ಟೆ ಕುಗ್ಗೀತೆಂದು ಮೊದಲೇ ಒಗೆದು ಒಣಗಿಸಿದ್ದಾಯಿತು. ಮಡಿಕೆಯ ದಪ್ಪಕ್ಕೆ 14ನೆಯ ನಂಬರಿನ ಸೂಜಿ ಮುರಿಯಿತು, 16 ತರಿಸಿದೆವು. ಕಂಕುಳ ಹೊಲಿಗೆಯನ್ನು ಎರಡು ಸಲ ಬಿಚ್ಚಿ, 4 ದಿನಕ್ಕೆ ಮುಗಿಸಿದಾಗ ಒಂದು ಲೆಕ್ಕ ಕಾಡತೊಡಗಿತು. ಇದನ್ನು ಮಾರುವುದಾದರೆ ನಾವು ಎಷ್ಟು ಕೂಲಿ ಕೇಳುತ್ತಿದ್ದೆವು?

ಕರೋಲ್‌ಬಾಗಿನ ಟ್ಯಾಂಕ್ ರೋಡಿನಲ್ಲಿ ಜೀನ್ಸಿಗೆ ಚೌಕಾಸಿ ಮಾಡಿ, 50 ರೂಪಾಯಿ ಇಳಿಸಿ, ಗೆದ್ದೆವೆಂದು ಬೀಗಿದವರೂ ನಾವೇ. ಆ 50 ಯಾರ ಜೇಬಿನದು? ನಮ್ಮ ಬಳ್ಳಾರಿಯಲ್ಲೂ ಪೀಸಿಗಿಷ್ಟೆಂದು ಜೀನ್ಸ್ ಹೊಲಿದು ಬದುಕುವ ಸಂಸಾರಗಳಿವೆ. ಅವರು ನಮ್ಮಷ್ಟು ನಿಧಾನಿಸಿದರೆ ಒಲೆ ಹೊತ್ತೀತೆ? ಚೌಕಾಸಿ ಬಿಟ್ಟರೆ ಆ ಹಣ ಅಂಗಡಿಯವನಲ್ಲೇ ಉಳಿದೀತೆಂಬ ಮನೆಯವರ ವಾದ ಸುಳ್ಳೇನಲ್ಲ. ಆದರೂ ಕಳೆದ ಭಾನುವಾರ ಪೇಟೆಯಲ್ಲಿ ಬೆಲೆ ಕೇಳಿದ ಮೇಲೆ ನಮಗೆ ನಾಲಗೆ ಏಳಲಿಲ್ಲ.