ಯಾವೂರ ಹನುಮಪ್ಪ?

ಗಂಗಾವತಿಯಿಂದ ಆನೆಗೊಂದಿ ದಾಟಿ ಹನುಮನಹಳ್ಳಿಯ ಕಡೆ ಹೊರಟರೆ ಆಟೊದವರ ಬಾಯಲ್ಲಿ ಒಂದು ಇಂಗ್ಲಿಷ್ ಮಾತು ಕನ್ನಡದ್ದೇ ಎಂಬಷ್ಟು ಸಲೀಸಾಗಿ ಉರುಳುತ್ತದೆ: ‘ಹನುಮಾನ್ ಬರ್ತ್‌ಪ್ಲೇಸ್ ರೀ, ಬರ್ರಿ.’ ಸುಣ್ಣ ಬಳಿದ 575 ಮೆಟ್ಟಿಲು, ತುದಿಯಲ್ಲಿ ಬಿಳಿ ಗುಡಿ, ಅದೇ ಅಂಜನಾದ್ರಿ. ಆ ಮಾತಿನ ಬಳಕೆಯಲ್ಲಿ ತಪ್ಪೇನೂ ಇಲ್ಲ. ತೊಡಕಿರುವುದು ಅದರ ಏಕವಚನದಲ್ಲಿ. ಅರ್ಜಿ ನಮೂನೆಯಲ್ಲಿ ‘ಜನ್ಮಸ್ಥಳ’ ಎಂಬ ಕಾಲಂ ಒಂದೇ ಊರಿಗೆ ಜಾಗ ಕೊಡುತ್ತದೆ. ಪುರಾಣದವರು ಅಂಥ ಅರ್ಜಿ ತುಂಬಿದವರಲ್ಲ.

ತುಂಬಿಸಲು ಹೊರಟಾಗ ಏನಾಯಿತೆಂಬುದು ಇತ್ತೀಚಿನ ಕಥೆ. ತಿರುಮಲ ತಿರುಪತಿ ದೇವಸ್ಥಾನ 2020ರ ಡಿಸೆಂಬರ್‌ನಲ್ಲಿ ವಿದ್ವಾಂಸರ ಸಮಿತಿ ರಚಿಸಿತು. 2021ರ ಏಪ್ರಿಲ್ 21ರಂದು, ರಾಮನವಮಿಯ ದಿನವೇ, ಹನುಮಂತ ಹುಟ್ಟಿದ್ದು ತಿರುಮಲದ ಅಂಜನಾದ್ರಿಯಲ್ಲಿ ಎಂದು ಸಾರಿತು. ಇತ್ತ ಆನೆಗೊಂದಿ ಸೀಮೆಯೇ ಕಿಷ್ಕಿಂಧೆ ಎನ್ನುವವರು ಮೇ ತಿಂಗಳಲ್ಲಿ ತಿರುಪತಿಗೇ ಹೋಗಿ ವಾದಕ್ಕೆ ಕೂತರು. ಎರಡೂ ಕಡೆಯವರು ತಂತಮ್ಮ ಬೆಟ್ಟವನ್ನೇ ಹೊತ್ತು ಎದ್ದರು. ಅಷ್ಟರಲ್ಲಿ ನಮ್ಮ ಗೋಕರ್ಣದ ಹೆಸರೂ ಬಂತು. ನಾಸಿಕದ ಅಂಜನೇರಿ, ಜಾರ್ಖಂಡದ ಗುಮ್ಲಾ ಜಿಲ್ಲೆಯ ಆಂಜನ್ ಗ್ರಾಮ ಮೊದಲಿಂದಲೂ ಸಾಲಿನಲ್ಲಿದ್ದವು. ಎಲ್ಲರ ಕೈಯಲ್ಲೂ ಶ್ಲೋಕಗಳಿದ್ದವು, ಕೊರತೆಯಿದ್ದದ್ದು ಸೋಲೊಪ್ಪುವವರದು.

ಹನುಮಂತನನ್ನೇ ಕೇಳಿದರೂ ಜಗಳ ಹರಿಯುವುದು ಕಷ್ಟ. ವಾಲ್ಮೀಕಿಯ ಸುಂದರಕಾಂಡದಲ್ಲಿ ಸೀತೆಯ ಮುಂದೆ ಅವನು ತನ್ನ ಮನೆತನದ ಪರಿಚಯ ಹೇಳಿಕೊಳ್ಳುತ್ತಾನೆ: ತಂದೆ ಕೇಸರಿ ಇದ್ದದ್ದು ಮಾಲ್ಯವಂತ ಪರ್ವತದಲ್ಲಿ, ಅಲ್ಲಿಂದ ಅವನು ಗೋಕರ್ಣಕ್ಕೆ ಹೋದ. ಮಾಲ್ಯವಂತ ಎಂದು ನಮ್ಮವರು ಕರೆಯುವ ಗುಡ್ಡ ಹನುಮನಹಳ್ಳಿಯಿಂದ ಹೊಳೆಯಾಚೆ, ಹಂಪಿಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿದೆ. ಮೇಲೆ ರಘುನಾಥನ ಗುಡಿ. ಒಂದೇ ಉತ್ತರದಲ್ಲಿ ಎರಡು ಊರಿನವರಿಗೂ ವಾದಕ್ಕೆ ಸಾಮಗ್ರಿ ಸಿಕ್ಕಿಬಿಟ್ಟಿತು.

ನನಗೆ ಹನುಮನಹಳ್ಳಿಯ ಹೆಚ್ಚುಗಾರಿಕೆ ಇರುವುದು ಇನ್ನೊಂದು ಆರಂಭದಲ್ಲಿ. ಅಲ್ಲಿಯ ಒಂದು ಬೆಟ್ಟವನ್ನು ಊರವರು ಋಷ್ಯಮೂಕ ಎಂದು ತೋರಿಸುತ್ತಾರೆ. ಕಾವ್ಯದೊಳಗೆ ಹನುಮಂತ ಮೊದಲು ಕಾಲಿಡುವುದು ಅಲ್ಲಿ. ಬಿಲ್ಲು ಹಿಡಿದ ಇಬ್ಬರು ಅಪರಿಚಿತರು ಬರುತ್ತಿದ್ದಾರೆ. ವಾಲಿ ಕಳಿಸಿದವರಿರಬಹುದೆಂದು ಸುಗ್ರೀವನಿಗೆ ಪುಕಪುಕ. ‘ಹೋಗಿ ವಿಚಾರಿಸಿ ಬಾ’ ಎಂದು ಮಂತ್ರಿಯನ್ನು ಅಟ್ಟುತ್ತಾನೆ. ಹನುಮಂತ ಭಿಕ್ಷುವಿನ ವೇಷದಲ್ಲಿ ಇಳಿದು ಬಂದು ಮಾತಿಗೆ ತೊಡಗುತ್ತಾನೆ. ನೀವು ಯಾರು, ಈ ಕಾಡಿಗೆ ಯಾಕೆ ಬಂದಿರಿ ಎಂದು ಕೇಳಿ, ತನ್ನ ವಿಷಯ ಚುಟುಕಾಗಿ ಮುಗಿಸುತ್ತಾನೆ: ವಾಯುವಿನ ಮಗ, ಸುಗ್ರೀವನ ಮಂತ್ರಿ, ಬಂದದ್ದು ಋಷ್ಯಮೂಕದಿಂದ. ಹುಟ್ಟಿದ ಊರಿನ ಸುದ್ದಿಯೇ ಇಲ್ಲ.

ರಾಮನೂ ಕೇಳುವುದಿಲ್ಲ. ಲಕ್ಷ್ಮಣನ ಕಡೆ ತಿರುಗಿ ಅವನು ಹೊಗಳುವುದು ವ್ಯಾಕರಣವನ್ನು! ವೇದ ಓದದವನಿಗೆ ಇಂಥ ಮಾತು ಬಾರದು. ಇವನು ವ್ಯಾಕರಣವನ್ನು ಪೂರ್ತಿ, ಅದೂ ಹಲವು ಸಲ ಕೇಳಿರಬೇಕು. ಇಷ್ಟು ಹೊತ್ತು ಮಾತಾಡಿದರೂ ಒಂದು ಶಬ್ದ ತಪ್ಪಲಿಲ್ಲ ಎನ್ನುತ್ತಾನೆ. ಹುಬ್ಬು ಗಂಟಿಕ್ಕಲಿಲ್ಲ, ಮುಖ ಸಿಂಡರಿಸಲಿಲ್ಲ, ಎಳೆಯಲಿಲ್ಲ, ಅವಸರಿಸಲಿಲ್ಲ, ದನಿ ಏರಲೂ ಇಲ್ಲ ಇಳಿಯಲೂ ಇಲ್ಲ. ಕತ್ತಿ ಎತ್ತಿ ನಿಂತ ಶತ್ರುವೂ ಇಂಥ ಮಾತಿಗೆ ಸೋಲದಿರಲಾರ ಎಂಬುದು ರಾಮನ ತೀರ್ಮಾನ. ಹೆಂಡತಿಯನ್ನು ಕಳೆದುಕೊಂಡು ಅಲೆಯುತ್ತಿರುವ ಮನುಷ್ಯ ಎದುರಿಗಿದ್ದವನ ಶಬ್ದಶುದ್ಧಿಯನ್ನು ಗಮನಿಸಿದನಲ್ಲ ಎಂದು ನನಗೆ ಪ್ರತಿ ಸಲ ಓದುವಾಗಲೂ ಸೋಜಿಗ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರ ಮೊದಲ ಪ್ರಶ್ನೆ ‘ಯಾವೂರ್ರಿ ನಿಮ್ದು?’ ಎರಡನೆಯದು ‘ಯಾರ ಪೈಕಿ?’ ಮೂರನೆಯ ಪ್ರಶ್ನೆ ಹೊತ್ತಿಗೆ ನಮ್ಮ ಬೆಲೆ ಕಟ್ಟಿ ಆಗಿರುತ್ತದೆ.

ಹುಟ್ಟಿನ ಕಥೆಯನ್ನು ವಾಲ್ಮೀಕಿ ಬಿಟ್ಟಿಲ್ಲ, ತಡವಾಗಿ ಹೇಳಿಸುತ್ತಾನೆ. ಕಿಷ್ಕಿಂಧಾಕಾಂಡದ ಕೊನೆ. ದಕ್ಷಿಣದ ಕಡಲ ದಂಡೆಯಲ್ಲಿ ಕಪಿಗಳು ಕೂತು ಯಾರು ಎಷ್ಟು ಯೋಜನ ಹಾರಬಲ್ಲರೆಂದು ಲೆಕ್ಕ ಹಾಕುತ್ತಿದ್ದಾರೆ. ಅಂಗದನಿಗೆ ನೂರು ಯೋಜನ ಹೋಗುವ ಧೈರ್ಯವಿದೆ, ವಾಪಸು ಬರುವ ಖಾತ್ರಿಯಿಲ್ಲ. ಹನುಮಂತ ಒಂದು ಕಡೆ ಸುಮ್ಮನೆ ಕೂತಿದ್ದಾನೆ. ಆಗ ಮುದುಕ ಜಾಂಬವಂತ ಅಂಜನೆಯ ಕಥೆ ಎತ್ತುತ್ತಾನೆ. ಬೆಟ್ಟದ ತುದಿ ಎನ್ನುತ್ತಾನೆ, ಗುಹೆಯಲ್ಲಿ ಹೆತ್ತಳು ಎನ್ನುತ್ತಾನೆ. ಬೆಟ್ಟದ ಹೆಸರು ಮಾತ್ರ ಹೇಳುವುದಿಲ್ಲ. ಅವನಿಗೆ ಆಗಬೇಕಾದದ್ದು ಹುಡುಗ ಎದ್ದು ನಿಂತು ಹಾರುವುದು. ಸರ್ವೆ ನಂಬರು ಯಾಕೆ ಬೇಕು?

ಹುಟ್ಟಿನ ಮಾತಿನಿಂದ ಕೆಲಸ ತೆಗೆಯುವುದು ನಮ್ಮವರಿಗೂ ಗೊತ್ತು ಎನ್ನಿ. ತಿರುಪತಿಯ ಘೋಷಣೆಯ ಮರುವರ್ಷ, 2022ರ ರಾಜ್ಯ ಬಜೆಟ್‌ನಲ್ಲಿ ಅಂಜನಾದ್ರಿಗೆ 100 ಕೋಟಿ ರೂಪಾಯಿ ಘೋಷಣೆಯಾಯಿತು. ಬಿಸಿಲಲ್ಲಿ ಮಕ್ಕಳನ್ನು ಎತ್ತಿಕೊಂಡು ಹತ್ತುವ ಹೆಣ್ಣುಮಕ್ಕಳಿಗೆ ನೆರಳು, ನೀರು, ಶೌಚಾಲಯ ಸಿಗುವುದಾದರೆ ಇಂಥ ಜಗಳ ಇನ್ನೂ ನಾಲ್ಕು ನಡೆಯಲಿ.

ಇದೇ ಹೊಳೆಯ ನಡುಗಡ್ಡೆಯಲ್ಲಿ, ಆನೆಗೊಂದಿಯ ನವವೃಂದಾವನದಲ್ಲಿ, 1539ರಲ್ಲಿ ತೀರಿಕೊಂಡ ವ್ಯಾಸರಾಯರ ವೃಂದಾವನವಿದೆ. ಅವರು 732 ಕಡೆ ಹನುಮಂತನನ್ನು ಪ್ರತಿಷ್ಠಾಪಿಸಿದರೆಂಬುದು ಪ್ರತೀತಿ. ಅದರ ಫಲವೋ ಏನೋ, ಕೊಪ್ಪಳ ಸೀಮೆಯಲ್ಲಿ ಹನುಮಪ್ಪನ ಗುಡಿ ಇಲ್ಲದ ಊರು ಹುಡುಕುವುದು ಕಷ್ಟ. ಹನುಮಪ್ಪ, ಹನುಮವ್ವ, ಹನುಮೇಶ, ಮಾರುತಿ ಎಂದು ಕೂಗಿದರೆ ಓಣಿಗೆ ಓಣಿಯೇ ಓಗೊಡುತ್ತದೆ. ಹುಟ್ಟುಹಬ್ಬದಲ್ಲೂ ಒಮ್ಮತವಿಲ್ಲ: ಹಲವರಿಗೆ ಹನುಮ ಜಯಂತಿ ಚೈತ್ರದ ಹುಣ್ಣಿಮೆ, ಅಂಜನಾದ್ರಿಯಲ್ಲಿ ಹನುಮಮಾಲೆ ತೊಟ್ಟವರು ಅದನ್ನು ಇಳಿಸುವ ದೊಡ್ಡ ದಿನ ಬರುವುದು ಮಾರ್ಗಶಿರದಲ್ಲಿ. ಆ ದಿನ ಸುತ್ತಲ ಜಿಲ್ಲೆಗಳ ಹುಡುಗರು ಕೇಸರಿ ಬಟ್ಟೆಯಲ್ಲಿ ಬೆಟ್ಟ ತುಂಬುತ್ತಾರೆ. ಇಲ್ಲೇ ಹುಟ್ಟಿದ್ದು ಎಂದು ಆಣೆ ಮಾಡಿ ಹೇಳುವವರು ಅವರು. ಹಾಗೆಂದು 2021ರ ನಂತರ ಅವರಲ್ಲಿ ಯಾರಾದರೂ ತಿಮ್ಮಪ್ಪನ ಹರಕೆ ಬಿಟ್ಟ, ತಿರುಪತಿ ಬಸ್ಸು ಹತ್ತುವುದನ್ನು ನಿಲ್ಲಿಸಿದ ಸುದ್ದಿ ನಾನಂತೂ ಕೇಳಿಲ್ಲ.