ಸ್ವರ ಬಾರದವರು ಹಾಡಬಾರದೇ?



ಗುಡ್ಡದ ಮೇಲಿನ ಈ ಕಛೇರಿಯಲ್ಲಿ ಪೂಜೆಯ ಕೋರಿಕೆ ಬರೆದುಕೊಂಡು ರಶೀದಿ ಕೊಡೋದು ನನ್ನ ಕೆಲಸ. ಒಂದು ದಿನ ಭದ್ರಾವತಿ ಕಡೆಯ ಒಬ್ಬ ತಾಯಿ, ತೀರಿಹೋದ ಯಜಮಾನರ ಹೆಸರಲ್ಲಿ ಪೂಜೆ ಬರೆಸಿದರು. ಆಮೇಲೆ ಮೆಲ್ಲಗೆ ಕೇಳಿದರು: "ಅಣ್ಣಾ, ನಂಗೆ ರಾಗ ಬರಲ್ಲ. ಹಾಡೋರು ಬಂದು, ಅಮ್ಮಾ ನೀವು ಸುಮ್ನಿದ್ರೆ ಒಳ್ಳೇದು ಅಂದ್ರು. ನಮ್ಮ ಯಜಮಾನ್ರು ಹೋದ ಮೇಲೆ ಹಾಡುವಾಗ ಮಾತ್ರ ನನ್ನೆದೆ ಹಗುರ ಆಗ್ತಿತ್ತು. ಬಾಯಿ ಮುಚ್ಕೊಂಡು ಕೂತ್ರೆ ಪ್ರಾರ್ಥನೆ ಆಗುತ್ತಾ?"

ಹಿಂದೆ ಸಾಲು ಇತ್ತು. "ಸ್ವಾಮಿಗಳನ್ನ ಕೇಳಿ" ಅಂತ ಹೇಳಿ ಮುಂದಿನವರ ರಶೀದಿ ಬರೆದೆ. ಅವರು ಹೋದರು, ಪ್ರಶ್ನೆ ನನ್ನ ಹತ್ತಿರವೇ ಉಳಿಯಿತು.

ಗಾಯನ ಮಂಡಳಿಯವರನ್ನು ದೂರಲು ಮನಸ್ಸಿಲ್ಲ. ದಿನದ ದುಡಿಮೆ ಮುಗಿಸಿ ಬಂದು ಅಭ್ಯಾಸ ಮಾಡುತ್ತಾರೆ. ದೇವರಿಗೆ ಒಳ್ಳೆಯದನ್ನೇ ಅರ್ಪಿಸಬೇಕೆಂಬುದು ಅವರ ಆಸೆ. ಅಪಸ್ವರದಿಂದ ಪಕ್ಕದವರ ಏಕಾಗ್ರತೆ ಕೆಡುವುದೂ ನಿಜವೇ. ಆದರೆ ಇಂಪಿನಲ್ಲೂ ಒಂದು ಅಪಾಯವಿದೆ. ಹಾಡಿನ ಅರ್ಥಕ್ಕಿಂತ ಹಾಡುವ ದನಿಯೇ ತಮ್ಮನ್ನು ಹೆಚ್ಚು ಸೆಳೆದಾಗ ಅದು ತಮ್ಮ ಪಾಪವೆಂದು ಸಂತ ಅಗಸ್ಟಿನರು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಹಾಗಂತ ಸಂಗೀತ ಬೇಡ ಎನ್ನಲಿಲ್ಲ. ದೇವಾಲಯದ ಹಾಡು ಕೇಳಿ ತಾವು ಅತ್ತದ್ದನ್ನೂ ಅಲ್ಲೇ ನೆನೆದಿದ್ದಾರೆ.

ನಮ್ಮ ಹಿರಿಯರ ಕಾಲದಲ್ಲಿ ಬಲಿಪೂಜೆ ಲ್ಯಾಟಿನ್ ಭಾಷೆಯಲ್ಲಿತ್ತು. 1963ರ ಡಿಸೆಂಬರಿನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಬಗ್ಗೆ ಕೊಟ್ಟ ಕಟ್ಟಳೆ, ಜನರ ಭಾಷೆಗೆ ಬಾಗಿಲು ತೆರೆಯಿತು. ಗಾಯನ ಮಂಡಳಿಗಳನ್ನು ಬೆಳೆಸಬೇಕು ಎಂದ ಆ ಕಟ್ಟಳೆಯೇ, ಜನರೂ ತಮ್ಮ ಪಾಲಿನದನ್ನು ಹಾಡುವಂತಾಗಬೇಕು ಎಂದೂ ಹೇಳಿದೆ. ಭದ್ರಾವತಿಯನ್ನೇ ನೋಡಿ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿತು, ನಾನಾ ಕಡೆಯ ಜನ ಬಂದು ನೆಲೆಸಿದರು. ಮನೆಯಲ್ಲಿ ತಮಿಳೋ, ಮಲಯಾಳವೋ, ಕೊಂಕಣಿಯೋ ಆಡುವವರು ಪೂಜೆಯಲ್ಲಿ ಕನ್ನಡದ ಹಾಡಿಗೆ ದನಿಗೂಡಿಸಿದರೆ ಎಲ್ಲರೂ ಒಂದೇ ಕಡೆ ಉಸಿರು ತಗೋತಾರೆ, ಒಂದೇ ಕಡೆ ಬಿಡ್ತಾರೆ. ಒಟ್ಟಿಗೆ ಹಾಡುವವರ ಉಸಿರಿನ ಜೊತೆ ಎದೆಬಡಿತವೂ ಒಟ್ಟಿಗೇ ಏರಿಳಿಯುತ್ತದೆ ಎಂದು 2013ರಲ್ಲಿ ಸ್ವೀಡನ್ ದೇಶದ ಸಂಶೋಧಕರು ತೋರಿಸಿದರು. ಮನೆಯಲ್ಲಿ ಒಂಟಿಯಾದ ಆ ತಾಯಿ, ಹಾಡುವ ಹೊತ್ತಾದರೂ ಒಂಟಿಯಾಗಿರಲಿಲ್ಲ.

ಕಡೆಯ ಭೋಜನ ಮುಗಿಸಿ ಯೇಸುಸ್ವಾಮಿ ಮತ್ತು ಶಿಷ್ಯರು ಕೀರ್ತನೆ ಹಾಡಿ ಓಲಿವ್ ಗುಡ್ಡಕ್ಕೆ ಹೊರಟರೆಂದು ಮತ್ತಾಯನ ಶುಭಸಂದೇಶದಲ್ಲಿದೆ. ಜೊತೆಯಲ್ಲಿದ್ದವರು ಬೆಸ್ತರು, ಸುಂಕದವರು. ಯಾರ ಸ್ವರ ಹೇಗಿತ್ತೆಂದು ಶುಭಸಂದೇಶ ಬರೆದಿಲ್ಲ.

ಆದ್ದರಿಂದ ಹಾಡುವವರು ಮೈಕಿನ ಸದ್ದು ಒಂದಿಷ್ಟು ತಗ್ಗಿಸಲಿ, ಜನರಿಗೆ ಗೊತ್ತಿರುವ ಹಾಡನ್ನೂ ಆರಿಸಲಿ. ಸ್ವರ ಬಾರದ ನಾವು ಪಕ್ಕದವರ ದನಿ ಕೇಳಿಸುವಷ್ಟು ಮೆಲ್ಲಗೆ ಹಾಡೋಣ. ಮೌನದ ಹೊತ್ತಿನಲ್ಲಿ ಎಲ್ಲರೂ ಮೌನವಾಗಿರೋಣ.

ಆ ತಾಯಿಯ ಕೈಗೆ ಈ ಪುಸ್ತಕ ಸಿಕ್ಕರೆ, ಅವತ್ತು ಕೊಡದ ಉತ್ತರ ಇಲ್ಲಿದೆ: ಅಮ್ಮಾ, ಬಾಯಿ ಮುಚ್ಚಿ ಕೂತರೂ ದೇವರಿಗೆ ಕೇಳುತ್ತೆ. ಆದರೆ ನಿಮ್ಮ ಬಾಯಿ ಮುಚ್ಚಿಸುವ ಹಕ್ಕು ನಮಗಿಲ್ಲ. ಹಾಡಿ.

ಪ್ರಭು ನಿಮ್ಮೆಲ್ಲರನ್ನೂ ಹರಸಲಿ.