ಪರದೇಶದ ಸೂರ್ಯಾಸ್ತ ಮತ್ತು ನಮ್ಮ ನಿಯಮ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಶ್ರಾವಕ ಕುಟುಂಬಗಳಲ್ಲಿ ಮಕ್ಕಳು ಹೊರದೇಶದಲ್ಲಿ ನೆಲೆಸಿರುವುದು ಈಗ ಅಪರೂಪವಲ್ಲ. ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡುವುದಕ್ಕೆಂದೋ ಹಿರಿಯರು ಕೆಲವು ತಿಂಗಳು ಅಲ್ಲಿಗೆ ಹೋಗಿಬರುತ್ತಾರೆ. ಹೊರಡುವ ಮುನ್ನ ಚಟ್ನಿಪುಡಿಯ ವಿಚಾರ ನಡೆಯುವಷ್ಟು ದೇಹಾರೋಗ್ಯದ ವಿಚಾರವಾಗಲಿ ವ್ರತದ ವಿಚಾರವಾಗಲಿ ನಡೆಯುವುದಿಲ್ಲ. ಇವೆರಡೂ ಒಂದಕ್ಕೊಂದು ಎದುರಾಗುವ ಸಂದರ್ಭವೂ ಅಲ್ಲಿ ಒದಗುತ್ತದೆ.

ರಾತ್ರಿಭೋಜನ ತ್ಯಾಗವನ್ನೇ ನೋಡೋಣ. ನಮ್ಮ ಸೀಮೆಯಲ್ಲಿ ಸೂರ್ಯನು ವರ್ಷವಿಡೀ ಹೆಚ್ಚುಕಡಿಮೆ ಆರರಿಂದ ಏಳರೊಳಗೆ ಮುಳುಗುತ್ತಾನೆ. ಲಂಡನ್ನಿನಲ್ಲಿ ಜೂನ್ ತಿಂಗಳ ಸೂರ್ಯಾಸ್ತ ರಾತ್ರಿ 9.20ರ ಸುಮಾರಿಗೆ, ಡಿಸೆಂಬರಿನಲ್ಲಿಯಾದರೋ 3.50ಕ್ಕೇ ಹೊತ್ತು ಮುಳುಗಿ, ಮರುದಿನ 8ರ ಸುಮಾರಿಗೆ ಮೂಡುತ್ತದೆ. ಅಂದರೆ ವ್ರತಿಗೆ ಹದಿನಾರು ಗಂಟೆಗಳ ನಿರಾಹಾರ. ಆರೋಗ್ಯವಂತರಿಗೆ ಅದು ತಪಸ್ಸಾದೀತು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ಹಾಗಲ್ಲ. ಔಷಧವು ತನ್ನ ಕೆಲಸ ಮಾಡುತ್ತಿರುವಾಗ ಹೊಟ್ಟೆ ಬರಿದಾಗಿದ್ದರೆ ರಕ್ತದ ಸಕ್ಕರೆ ಇಳಿದು ಬೆವರು, ನಡುಕ, ಮಂಪರು, ಕೊನೆಗೆ ಎಚ್ಚರ ತಪ್ಪುವುದೂ ಉಂಟು. ನಿದ್ರೆಯಲ್ಲಿ ಹೀಗಾದರೆ ಮನೆಯವರಿಗೆ ತಿಳಿಯುವುದೇ ಕಷ್ಟ.

ನಮ್ಮೂರಿನ ಆರೂವರೆಯೇ ಅಲ್ಲಿಯೂ ಆರೂವರೆ ಎಂದು ಗಡಿಯಾರ ನೋಡಿ ಉಣ್ಣುವವರಿದ್ದಾರೆ. ಅದು ವ್ರತವನ್ನು ಉಳಿಸಿದಂತೆ ತೋರುವ ಉಪಾಯ, ಅಷ್ಟೆ. ನಿಯಮ ಹೇಳಿರುವುದು ಸೂರ್ಯನನ್ನು. ಮತ್ತೆ ಕೆಲವರು, ವಿಶೇಷವಾಗಿ ತಾಯಂದಿರು, ತಲೆಸುತ್ತನ್ನು ಮಕ್ಕಳಿಂದ ಮುಚ್ಚಿಟ್ಟು ಮಲಗುತ್ತಾರೆ. ಇದು ಇನ್ನೂ ಅಪಾಯಕರ.

ಶ್ರವಣಬೆಳಗೊಳದ ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ, 1129ರ ಮಲ್ಲಿಷೇಣ ಪ್ರಶಸ್ತಿಯು ಸಮಂತಭದ್ರಾಚಾರ್ಯರು ಭಸ್ಮಕ ವ್ಯಾಧಿಯನ್ನು ಗೆದ್ದುದನ್ನು ಸ್ಮರಿಸುತ್ತದೆ. ಎಷ್ಟು ಉಂಡರೂ ಹಸಿವು ತೀರದ ಆ ರೋಗ ಬಂದಾಗ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದರೆಂದೂ ಗುರುಗಳು ಒಪ್ಪಲಿಲ್ಲವೆಂದೂ ಪರಂಪರೆಯ ಕಥೆ. ಆಚಾರ್ಯರು ಮುನಿವೇಷದಲ್ಲಿದ್ದುಕೊಂಡೇ ಗುಟ್ಟಾಗಿ ಉಣ್ಣಲಿಲ್ಲ. ದೀಕ್ಷೆಯನ್ನು ಕೆಳಗಿಟ್ಟು, ಉಂಡು, ಗುಣಹೊಂದಿ, ಮರಳಿ ದೀಕ್ಷೆ ಪಡೆದರು. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನವನ್ನು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಿಗೆ ಮಾತ್ರ ವಿಧಿಸಿದವರೂ ಇವರೇ. ಮದ್ದಿರುವ ಕಾಯಿಲೆಯನ್ನು ಅಲಕ್ಷಿಸಿ ದೇಹವನ್ನು ಕೆಡಿಸಿಕೊಳ್ಳುವುದಕ್ಕೆ ಅಲ್ಲಿ ಆಧಾರ ದೊರೆಯದು.

ಹಾಗೆಂದು ಸಡಿಲಿಕೆಗೆ ಕೊನೆಯೆಲ್ಲಿ ಎಂಬ ಹಿರಿಯರ ಅಂಜಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ಔಷಧದ ಹೆಸರಿನಲ್ಲಿ ಬಿಸ್ಕತ್ತು ಬರುತ್ತದೆ, ಅದರ ಹಿಂದೆಯೇ ಊಟವೂ ಬರುತ್ತದೆ. ಆದುದರಿಂದ ಎಲ್ಲೆಯನ್ನು ಹಸಿವಾದಾಗಲ್ಲ, ಹೊರಡುವ ಮೊದಲೇ ಹಾಕಿಕೊಳ್ಳಬೇಕು. ಅನ್ನ, ಪಾನ, ಖಾದ್ಯ, ಲೇಹ್ಯಗಳಲ್ಲಿ ನಾಲ್ಕನ್ನೂ ಬಿಡುವವರಂತೆ, ನೀರು ಔಷಧಿಗಳನ್ನು ಹೊರತುಪಡಿಸಿ ನಿಯಮ ಹಿಡಿಯುವವರೂ ನಮ್ಮಲ್ಲಿದ್ದಾರೆ. ಹೋಗುವ ಊರಿನ ಉದಯಾಸ್ತಗಳ ಹೊತ್ತನ್ನು ವೈದ್ಯರಿಗೆ ತೋರಿಸಿ ಮದ್ದಿನ ಪ್ರಮಾಣವನ್ನೂ ವೇಳೆಯನ್ನೂ ಕೇಳಿಕೊಳ್ಳಿ; ತಾವಾಗಿಯೇ ಮಾತ್ರೆ ಬಿಡಬೇಡಿ. ಕ್ಯಾಪ್ಸೂಲುಗಳ ಕವಚಕ್ಕೆ ಬಳಸುವ ಜೆಲಟಿನ್ ಪ್ರಾಣಿಗಳ ಮೂಳೆ ಚರ್ಮಗಳಿಂದ ಬರುವುದರಿಂದ, ಬದಲಿಗೆ ಮಾತ್ರೆಯೋ ಸಸ್ಯಮೂಲದ ಕವಚವೋ ಇದೆಯೇ ಎಂದೂ ಆಗಲೇ ವಿಚಾರಿಸಬಹುದು. ಸಾಧ್ಯವಿದ್ದಲ್ಲಿ ಪ್ರಯಾಣವನ್ನು ಏಪ್ರಿಲ್‌ನಿಂದ ಸೆಪ್ಟೆಂಬರಿನೊಳಗೆ ಇಟ್ಟುಕೊಂಡರೆ ಅರ್ಧ ತೊಡಕು ತಾನಾಗಿಯೇ ಕಳೆಯುತ್ತದೆ.

ಇಷ್ಟಾದ ಮೇಲೂ ಒಂದು ರಾತ್ರಿ ಕೈ ನಡುಗಿದರೆ, ಹಾಸಿಗೆಯ ಬಳಿ ಸಕ್ಕರೆ ಇರಲಿ. ಅದನ್ನು ಬಾಯಿಗೆ ಹಾಕಿಕೊಂಡು ಮಗನನ್ನೋ ಸೊಸೆಯನ್ನೋ ಎಬ್ಬಿಸಿ. ಪ್ರಾಯಶ್ಚಿತ್ತವನ್ನು ಬೆಳಗಾದ ಮೇಲೆ ಯೋಚಿಸಬಹುದು.